ದಾರಿ ಕಾಯಲೆಂದು ಕಟ್ಟಿದ ಊರು: ಮೈಸೂರು ಹೆದ್ದಾರಿ ಮತ್ತು ರಾಮನಗರ

2025ರ ಮೇ 22ರಂದು ರಾಜ್ಯ ಸಚಿವ ಸಂಪುಟವು ರಾಮನಗರ ಜಿಲ್ಲೆಯ ಹೆಸರನ್ನು ‘ಬೆಂಗಳೂರು ದಕ್ಷಿಣ’ ಎಂದು ಬದಲಿಸಲು ಒಪ್ಪಿಗೆ ನೀಡಿತು. ಅದಕ್ಕೆ ಎರಡು ವರ್ಷ ಮೊದಲು, 2023ರ ಮಾರ್ಚ್ 12ರಂದು, ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ ಉದ್ಘಾಟನೆಯಾಗಿ, ಮೈಸೂರಿಗೆ ಹೊರಟ ಬೆಂಗಳೂರಿಗರು ರಾಮನಗರದ ಪೇಟೆಯನ್ನು ಕಣ್ಣಿನಿಂದಲೂ ನೋಡದೆ ಮುಂದೆ ಸಾಗುವಂತಾಗಿತ್ತು. ಕೆಂಗೇರಿಯಿಂದ ಆಚೆಗೆ ದಿನವೂ ಓಡಾಡುವವರಿಗೆ, ಬಿಡದಿಯ ಕಡೆ ನಿವೇಶನ ಕೊಂಡವರಿಗೆ, ವಾರಾಂತ್ಯಕ್ಕೆ ಮೈಸೂರಿಗೆ ಹೋಗುವವರಿಗೆ ಈಗ ಸಹಜವಾಗಿಯೇ ಕೆಲವು ಪ್ರಶ್ನೆಗಳು ಎದ್ದಿವೆ. ಹಳೆಯ ರಸ್ತೆ ಯಾವುದು, ಹೊಸದು ಯಾವುದು? ಬೈಪಾಸ್ ಎಂದರೆ ನಿಜವಾಗಿ ಏನಾಗುತ್ತದೆ? ರಾಮನಗರ ಈಗ ಬೆಂಗಳೂರಿನ ಭಾಗವೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಸಾಮಾನ್ಯವಾಗಿ ಊರು ಮೊದಲು ಹುಟ್ಟಿ, ಆಮೇಲೆ ಅದಕ್ಕೊಂದು ದಾರಿ ಬರುತ್ತದೆ. ರಾಮನಗರದ ಪೇಟೆಯ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ದಾರಿ ಮೊದಲಿತ್ತು. ಆ ದಾರಿಯನ್ನು ಕಾಯುವ ಸಲುವಾಗಿಯೇ ಪೇಟೆಯನ್ನು ಕಟ್ಟಲಾಯಿತು. ಆಮೇಲಿನ ಎರಡು ಶತಮಾನಗಳಲ್ಲಿ ಊರಿಗೆ ಬಂದ ವ್ಯಾಪಾರ, ಹೆಸರು, ಅಧಿಕಾರ, ತೊಂದರೆ ಎಲ್ಲವೂ ಬಹುಮಟ್ಟಿಗೆ ಅದೇ ದಾರಿಯಲ್ಲಿ ಬಂದವು.

ಮೊದಲು, ರಸ್ತೆಯ ಲೆಕ್ಕಾಚಾರ

ಬೆಂಗಳೂರಿನಲ್ಲಿ ‘ಮೈಸೂರು ರಸ್ತೆ’ ಎಂದು ನಾವು ಕರೆಯುವ ದಾರಿ ಬಹುಕಾಲ ರಾಜ್ಯ ಹೆದ್ದಾರಿ 17 ಆಗಿತ್ತು. ರಾಜ್ಯ ಹೆದ್ದಾರಿ ಎಂದರೆ ರಾಜ್ಯ ಸರ್ಕಾರ ಕಟ್ಟಿ, ರಿಪೇರಿ ಮಾಡಿ, ನೋಡಿಕೊಳ್ಳುವ ಮುಖ್ಯ ರಸ್ತೆ. ಅದನ್ನು ಆಮೇಲೆ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಯೆಂದು ಘೋಷಿಸಿತು; ಈಗ ಅದರ ಸಂಖ್ಯೆ 275.

ಈ ಸಂಖ್ಯೆಗೂ ಒಂದು ಅರ್ಥವಿದೆ. 2010ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ, ಉತ್ತರ–ದಕ್ಷಿಣವಾಗಿ ಸಾಗುವ ಮುಖ್ಯ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮವಾಗಿ ಸಾಗುವವಕ್ಕೆ ಬೆಸಸಂಖ್ಯೆ ಎಂದು ನಿಯಮ ಮಾಡಲಾಯಿತು. ಮೂರು ಅಂಕಿಯ ಸಂಖ್ಯೆಯಿದ್ದರೆ ಅದು ಯಾವುದೋ ಮುಖ್ಯ ಹೆದ್ದಾರಿಯ ಕವಲು. ಕೊನೆಯ ಎರಡು ಅಂಕಿಗಳು ಆ ಮುಖ್ಯ ಹೆದ್ದಾರಿಯನ್ನು ಸೂಚಿಸುತ್ತವೆ. ಹೀಗಾಗಿ 275 ಎಂಬುದು 75ರ ಕವಲು. ರಾಷ್ಟ್ರೀಯ ಹೆದ್ದಾರಿ 75 ಬಂಟ್ವಾಳದಿಂದ ಹಾಸನ, ನೆಲಮಂಗಲದ ಮೂಲಕ ಬೆಂಗಳೂರಿಗೆ ಬಂದು ಕೋಲಾರದ ಕಡೆ ಮುಂದುವರಿಯುತ್ತದೆ. 275 ಬಂಟ್ವಾಳದ ಬಳಿಯಿಂದ ಪುತ್ತೂರು, ಸುಳ್ಯ, ಮಡಿಕೇರಿ, ಹುಣಸೂರು, ಮೈಸೂರು, ಮಂಡ್ಯ, ರಾಮನಗರದ ಮೂಲಕ ಬೆಂಗಳೂರು ಸೇರುತ್ತದೆ. ಅಂದರೆ ಕರಾವಳಿಯಿಂದ ರಾಜಧಾನಿಗೆ ಬರುವ ಎರಡು ದಾರಿಗಳಲ್ಲಿ ಇದೊಂದು.

2023ರಲ್ಲಿ ತೆರೆದ ಹೊಸ ರಸ್ತೆಯು ಇದೇ 275ರ ಬೆಂಗಳೂರು–ಮೈಸೂರು ಭಾಗ. ಅದರ ಉದ್ದ ಸುಮಾರು 118 ಕಿಲೋಮೀಟರ್. ‘ದಶಪಥ’ ಎಂಬ ಮಾತು ಕೇಳಿ ಹತ್ತೂ ಪಥಗಳು ಒಂದೇ ರಸ್ತೆಯಲ್ಲಿವೆ ಎಂದು ತಿಳಿಯಬಾರದು. ನಡುವಿನ ಆರು ಪಥಗಳು ದೂರ ಪ್ರಯಾಣದ ವಾಹನಗಳಿಗೆ. ಎರಡೂ ಬದಿಯ ತಲಾ ಎರಡು ಪಥಗಳು ಸರ್ವಿಸ್ ರಸ್ತೆ. ನಡುವಿನ ಆರು ಪಥಗಳಿಗೆ ಬೇಲಿಯಿದೆ, ಟೋಲ್ ಇದೆ, ನಿಗದಿತ ಜಾಗಗಳಲ್ಲಿ ಮಾತ್ರ ಒಳಹೊರಗಿನ ದಾರಿಯಿದೆ. ಇಂತಹ ರಸ್ತೆಯನ್ನು ಪ್ರವೇಶ ನಿಯಂತ್ರಿತ ಹೆದ್ದಾರಿ ಎನ್ನುತ್ತಾರೆ. ಜನ ಬಳಸುವ ಹೆಸರು ಎಕ್ಸ್‌ಪ್ರೆಸ್‌ವೇ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಊರುಗಳ ಪೇಟೆಯೊಳಗೆ ಹೊಸ ರಸ್ತೆ ಹೋಗುವುದಿಲ್ಲ. ಇವುಗಳಲ್ಲಿ ಉದ್ದವಾದ ಬೈಪಾಸ್ ರಾಮನಗರ–ಚನ್ನಪಟ್ಟಣದ್ದು. ಎರಡೂ ಊರುಗಳನ್ನು ಅದು ಒಟ್ಟಿಗೇ ಬಳಸಿ ಸುಮಾರು ಇಪ್ಪತ್ತೆರಡು ಕಿಲೋಮೀಟರ್ ಸಾಗುತ್ತದೆ.

ಬಂಡೆಯ ನಾಡಿನಲ್ಲಿ ಒಂದು ಸಂದು

ಬೆಂಗಳೂರಿನಿಂದ ಹೊರಟು ಬಿಡದಿ ದಾಟಿದ ಮೇಲೆ ನೆಲದ ಸ್ವರೂಪವೇ ಬದಲಾಗುವುದನ್ನು ಎಲ್ಲರೂ ಗಮನಿಸಿರುತ್ತಾರೆ. ಇಕ್ಕೆಲಗಳಲ್ಲಿ ಬೋಳು ಬಂಡೆಗಳು, ಒಂದರ ಮೇಲೊಂದು ಕೂತ ಗುಂಡುಗಳು, ನಡುವೆ ಕುರುಚಲು ಕಾಡು. ಇವು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣಿದು ಗಟ್ಟಿಯಾದ ಗ್ರಾನೈಟ್. ಮೇಲಿನ ನೆಲ ಕೋಟ್ಯಂತರ ವರ್ಷ ಸವೆದು ಕೊಚ್ಚಿಹೋದ ಮೇಲೆ ಒಳಗಿನ ಗಟ್ಟಿ ಕಲ್ಲು ಹೊರಗೆ ಕಾಣಿಸಿತು. ಈ ಗ್ರಾನೈಟಿನ ಪಟ್ಟಿ ದಕ್ಷಿಣದ ಕನಕಪುರದ ಕಡೆಯಿಂದ ಉತ್ತರದ ಬಳ್ಳಾರಿಯ ಕಡೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗ, ರಾಮದೇವರ ಬೆಟ್ಟ, ಶಿವನಗಿರಿ ಇವೆಲ್ಲ ಇದೇ ಪಟ್ಟಿಯ ತುಣುಕುಗಳು. ಭೂವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಹೆಸರು. ರಾಮನಗರಕ್ಕೆ ಆಗ ಇದ್ದ ಹೆಸರನ್ನೇ ವಿಜ್ಞಾನಿಗಳು ಬಂಡೆಗೆ ಇಟ್ಟರು.

ಪಟ್ಟಿ ಉತ್ತರ–ದಕ್ಷಿಣವಾಗಿ ಮಲಗಿದೆ. ಬೆಂಗಳೂರು–ಮೈಸೂರು ದಾರಿ ಅದನ್ನು ಅಡ್ಡಲಾಗಿ ದಾಟಬೇಕು. ಎತ್ತಿನ ಗಾಡಿಗಳ ಕಾಲದಲ್ಲಿ ಎಲ್ಲಿ ಬೇಕಾದರೂ ದಾಟಲು ಸಾಧ್ಯವಿರಲಿಲ್ಲ. ನಂದಿ ಬೆಟ್ಟದ ಕಡೆ ಹುಟ್ಟಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿ ನದಿ ಈ ಬಂಡೆಗಳ ನಡುವೆ ತನ್ನ ಕಣಿವೆಯನ್ನು ಕೊರೆದುಕೊಂಡಿದೆ. ದಾರಿ ಬೆಟ್ಟಗಳ ಸಂದಿನಲ್ಲಿ ಇಳಿದು, ಅರ್ಕಾವತಿಯನ್ನು ದಾಟಿ, ಚನ್ನಪಟ್ಟಣದ ಬಯಲಿಗೆ ಹೋಗುವ ಜಾಗದಲ್ಲೇ ಇಂದಿನ ರಾಮನಗರವಿದೆ. ‘ಶೋಲೆ’ ಎಂಬ ಹಿಂದಿ ಚಲನಚಿತ್ರದ ಡಕಾಯಿತರ ಅಡಗುತಾಣವಾಗಿ ಈ ಬೆಟ್ಟಗಳನ್ನು ದೇಶವೆಲ್ಲ ಬಲ್ಲದು. ಆದರೆ ದಾರಿಹೋಕರಿಗೆ ಕಳ್ಳಕಾಕರ, ಕಾಡುಪ್ರಾಣಿಗಳ ಭಯ ಇಲ್ಲಿ ಸಿನಿಮಾಕ್ಕಿಂತ ಬಹಳ ಹಿಂದಿನ ವಾಸ್ತವ. ಅದರಿಂದಲೇ ಊರಿನ ಇತಿಹಾಸ ಆರಂಭವಾಗುತ್ತದೆ.

ರಾಜಧಾನಿಗೆ ಹೋಗುವ ದಾರಿ

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದು ಅದನ್ನೇ ರಾಜಧಾನಿ ಮಾಡಿಕೊಂಡರು. 1630ರಲ್ಲಿ ಜಗದೇವರಾಯನ ಮನೆತನದ ಕೈಯಲ್ಲಿದ್ದ ಚನ್ನಪಟ್ಟಣ ಮೈಸೂರಿಗೆ ಸೇರಿತು. 1687ರಲ್ಲಿ ಚಿಕ್ಕದೇವರಾಜ ಒಡೆಯರು ಮೊಘಲರಿಂದ ಬೆಂಗಳೂರನ್ನು ಹಣ ಕೊಟ್ಟು ಪಡೆದರು. ಅಲ್ಲಿಯವರೆಗೆ ಬೇರೆ ಬೇರೆ ಒಡೆತನದಲ್ಲಿದ್ದ ಊರುಗಳನ್ನು ಪೋಣಿಸುವ ದಾರಿ ಈಗ ಒಂದೇ ರಾಜ್ಯದ ರಾಜಧಾನಿ ಮತ್ತು ಅದರ ಬಹುಮುಖ್ಯ ವ್ಯಾಪಾರ ಕೇಂದ್ರದ ನಡುವಿನ ದಾರಿಯಾಯಿತು. ಮೈಸೂರು ರಸ್ತೆಯ ಮಹತ್ವ ಶುರುವಾಗುವುದು ಇಲ್ಲಿಂದ ಎಂದು ಹೇಳಬಹುದು.

ದಾರಿಯ ಬೆಲೆ ಎಷ್ಟೆಂಬುದು ಮೂರನೆಯ ಮೈಸೂರು ಯುದ್ಧದಲ್ಲಿ ಗೊತ್ತಾಯಿತು. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟಾಗ ಮಾತ್ರ ಚನ್ನಪಟ್ಟಣದ ನೇರ ದಾರಿಯನ್ನು ಬಿಟ್ಟು, ದಕ್ಷಿಣಕ್ಕೆ ಬಳಸಿ, ಇಂದಿನ ಕನಕಪುರದ ಕಡೆಯಿಂದ ಹೋದ. ನೇರ ದಾರಿಯ ಮೇಲೆ ಕಣ್ಣಿಟ್ಟ ಬೆಟ್ಟದ ಕೋಟೆಗಳೆಲ್ಲ ಟಿಪ್ಪುವಿನ ಕೈಯಲ್ಲಿದ್ದವು. ಸೈನ್ಯ ಶ್ರೀರಂಗಪಟ್ಟಣದ ಹತ್ತಿರಕ್ಕೇನೋ ತಲುಪಿತು. ಆದರೆ ದವಸಧಾನ್ಯ, ಮೇವು ಸಾಲದೆ, ಎತ್ತುಗಳು ಸತ್ತು, ಮುತ್ತಿಗೆಯ ಭಾರಿ ಫಿರಂಗಿಗಳನ್ನು ತಾವೇ ಹಾಳುಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮುಂದಿನ ದಂಡಯಾತ್ರೆಗೆ ಮುಂಚೆ, ಅದೇ ವರ್ಷದ ಡಿಸೆಂಬರ್‌ನಲ್ಲಿ, ಬ್ರಿಟಿಷರು ಮೊದಲು ಮಾಡಿದ ಕೆಲಸವೆಂದರೆ ಸಾವನದುರ್ಗ, ಹುತ್ರಿದುರ್ಗ, ರಾಮಗಿರಿಯಂತಹ ದುರ್ಗಗಳನ್ನು ಹಿಡಿದು ಬೆಂಗಳೂರಿನಿಂದ ಶ್ರೀರಂಗಪಟ್ಟಣದವರೆಗಿನ ಸಾಗಾಟದ ದಾರಿಯನ್ನು ಭದ್ರಪಡಿಸಿಕೊಂಡದ್ದು. ದೊಡ್ಡ ಸೈನ್ಯಕ್ಕಾದರೂ ಹಿಂದಿನಿಂದ ಅಕ್ಕಿ, ಮದ್ದುಗುಂಡು ಬರುವ ದಾರಿ ಇಲ್ಲದಿದ್ದರೆ ಏನೂ ಸಾಗದು.

ಕ್ಲೋಸ್‌ಪೇಟೆ

1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಒಡೆಯರ ವಂಶಕ್ಕೆ ಮೈಸೂರು ಮರಳಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ದಿವಾನ್ ಪೂರ್ಣಯ್ಯ ರಾಜ್ಯ ನಡೆಸಿದರು. ಬ್ರಿಟಿಷರ ಪ್ರತಿನಿಧಿಯಾಗಿ ಬಂದ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್. ಬ್ರಿಟಿಷ್ ಸೈನ್ಯ ಇನ್ನೂ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಯುದ್ಧ ಮುಗಿದರೂ ದಾರಿಯ ಚಿಂತೆ ಮುಗಿದಿರಲಿಲ್ಲ. ಬಿಡದಿಯಿಂದ ಚನ್ನಪಟ್ಟಣದವರೆಗಿನ ಕಾಡುದಾರಿಯಲ್ಲಿ ಹೇಳಿಕೊಳ್ಳುವಂತಹ ಊರಿರಲಿಲ್ಲ. ಇರುಳು ಕಳೆಯಲು, ಎತ್ತು ಬದಲಿಸಲು, ಸಹಾಯಕ್ಕೆ ಕೂಗಲು ಯಾರೂ ಇರುತ್ತಿರಲಿಲ್ಲ.

ಅದಕ್ಕೆ ಪರಿಹಾರವಾಗಿ 1800ರ ಹೊತ್ತಿಗೆ ಅರ್ಕಾವತಿಯ ದಂಡೆಯಲ್ಲಿ ಹೊಸ ಪೇಟೆಯೊಂದನ್ನು ಕಟ್ಟಿಸಲಾಯಿತು. ಕಾಡಿನ ನಡುವೆ ಹಾಯುವ ರಾಜಮಾರ್ಗದ ರಕ್ಷಣೆಯೇ ಅದರ ಉದ್ದೇಶವಾಗಿತ್ತೆಂದು ಹಳೆಯ ಮೈಸೂರು ಗೆಜೆಟಿಯರುಗಳು ದಾಖಲಿಸಿವೆ. ಪೇಟೆಗೆ ರೆಸಿಡೆಂಟನ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಎಂದರು. ರಕ್ಷಣೆಗೆ ಕೋಟೆಯನ್ನು ಬಿಟ್ಟು ಪೇಟೆಯನ್ನೇಕೆ ಕಟ್ಟಬೇಕು ಎಂಬ ಪ್ರಶ್ನೆ ಏಳಬಹುದು. ಕೋಟೆಯಲ್ಲಿ ಸಂಬಳದ ಸಿಪಾಯಿಗಳಿರುತ್ತಾರೆ. ಸಂಬಳ ನಿಂತ ದಿನ ಅವರು ಹೊರಡುತ್ತಾರೆ. ಪೇಟೆಯಲ್ಲಿ ಅಂಗಡಿ, ಛತ್ರ, ಗಾಡಿ ರಿಪೇರಿಯವರು, ಸಂತೆ ಇರುತ್ತವೆ. ದಾರಿ ನಡೆಯುವುದರಲ್ಲೇ ಅವರ ಬದುಕಿರುವುದರಿಂದ ಅದನ್ನು ಅವರೇ ಕಾಯುತ್ತಾರೆ. ಪೂರ್ಣಯ್ಯನವರ ಆಡಳಿತದ ಜಾಣತನ ಕಾಣುವುದು ಇಂಥ ಕಡೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಇಂದಿಗೂ ನಿಂತಿರುವ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯೂ ಅವರೇ ಕಟ್ಟಿಸಿದ್ದು. ಇಡಿಯ ಕಲ್ಲುಕಂಬಗಳ ಮೇಲೆ ಕಲ್ಲಿನ ತೊಲೆ ಹೇರಿ ಕಟ್ಟಿದ ಸೇತುವೆ ಅದು.

ಮುಂದೆ ದಾರಿಯ ತೂಕ ಬೆಂಗಳೂರಿನ ಕಡೆಗೆ ವಾಲಿತು. ಜ್ವರದ ಕಾಟಕ್ಕೆ ಬೇಸತ್ತು ಬ್ರಿಟಿಷರು 1809ರಲ್ಲಿ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿನ ದಂಡು ಪ್ರದೇಶಕ್ಕೆ ಸಾಗಿಸಿದರು. 1831ರಲ್ಲಿ ರಾಜ್ಯದ ಆಡಳಿತವನ್ನು ತಾವೇ ವಹಿಸಿಕೊಂಡಾಗ ಕಚೇರಿಗಳೂ ಬೆಂಗಳೂರಿಗೆ ಬಂದವು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ರಾಜ್ಯದಾದ್ಯಂತ ಸುಮಾರು 1,600 ಮೈಲಿ ರಸ್ತೆಗಳಾದವು. 1876–78ರ ಭೀಕರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲು ಹಳಿಯ ಕೆಲಸ ಶುರುವಾಗಿ, 1881–82ರಲ್ಲಿ ಹಂತಹಂತವಾಗಿ ರೈಲು ಓಡಿತು. ಹಳಿಯೂ ಹಳೆಯ ದಾರಿಯನ್ನೇ ಅನುಸರಿಸಿ ಕ್ಲೋಸ್‌ಪೇಟೆಯ ಮೂಲಕ ಹಾದುಹೋಯಿತು. ಬಂಡೆಗಳ ನಡುವೆ ಸಂದು ಇದ್ದದ್ದು ಅಲ್ಲಿಯೇ.

ಗೂಡು ಕಾಯುವುದಿಲ್ಲ

ರಾಮನಗರವನ್ನು ‘ರೇಷ್ಮೆ ನಗರ’ ಎನ್ನುತ್ತಾರೆ. ಇಲ್ಲಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾಗಿದೆ. ಅಷ್ಟು ದೊಡ್ಡ ಮಾರುಕಟ್ಟೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೆಳೆಯದೆ ಇಲ್ಲೇಕೆ ಬೆಳೆಯಿತು ಎಂಬುದು ಕೇಳಬೇಕಾದ ಪ್ರಶ್ನೆ. ನನಗೆ ಕಂಡಂತೆ ಈ ಊರಿಗೂ ದಾರಿಗೂ ಇರುವ ನಂಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಈ ಮಾರುಕಟ್ಟೆಯಲ್ಲಿ.

ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪು ಬಂಗಾಳದಿಂದ ರೇಷ್ಮೆಹುಳು ತರಿಸಿ ಸಾಕಣೆಗೆ ಪ್ರೋತ್ಸಾಹ ಕೊಟ್ಟ. ಆಮೇಲೆ ಏರಿಳಿತ ಕಂಡ ಈ ಕಸುಬು ಮಾಗಡಿ, ಕನಕಪುರ, ಚನ್ನಪಟ್ಟಣ, ಮಳವಳ್ಳಿಯ ಕೆಮ್ಮಣ್ಣಿನ ಹೊಲಗಳಲ್ಲಿ ಬೇರುಬಿಟ್ಟಿತು. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆದ ಹುಳು ಹಣ್ಣಾದಾಗ ಅದನ್ನು ಚಂದ್ರಿಕೆಗೆ ಬಿಡುತ್ತಾರೆ. ಬಿದಿರಿನ ದುಂಡನೆಯ ಚಂದ್ರಿಕೆಯ ಸಂದುಗಳಲ್ಲಿ ಕೂತು ಹುಳು ಎರಡು–ಮೂರು ದಿನಗಳಲ್ಲಿ ತನ್ನ ಸುತ್ತ ಒಂದೇ ಎಳೆಯನ್ನು ನೂರಾರು ಮೀಟರ್ ಸುತ್ತಿಕೊಂಡು, ಒಳಗೆ ಕೋಶವಾಗಿ ಮಲಗುತ್ತದೆ. ಅದೇ ಗೂಡು.

ಒಳಗಿನದು ಜೀವಂತ. ಗೂಡು ಕಟ್ಟಿ ಸುಮಾರು ಹತ್ತು–ಹನ್ನೆರಡು ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಅಖಂಡ ಎಳೆ ಬಿಚ್ಚಲಾಗದು. ಆದ್ದರಿಂದ ರೈತ ಗೂಡು ಬಿಡಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದು ಮಾರಾಟವಾಗಿ, ಕೊಂಡವರ ಮನೆಯಲ್ಲಿ ಬಿಸಿಗೆ ಒಡ್ಡಿ ಒಳಗಿನ ಕೋಶವನ್ನು ಸಾಯಿಸಿ, ನೂಲು ಬಿಚ್ಚುವ ಕೆಲಸ ನಡೆಯಬೇಕು. ರಾಗಿಯಂತೆ ಕಣಜದಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯುವ ಅವಕಾಶ ರೈತನಿಗಿಲ್ಲ. ಒಂದೇ ದಿನದಲ್ಲಿ ತಲುಪಬಹುದಾದ ಮಾರುಕಟ್ಟೆ, ಅಲ್ಲಿ ಅದೇ ದಿನ ಕೊಳ್ಳಲು ಸಿದ್ಧರಿರುವ ಬಹಳಷ್ಟು ಜನ, ಇವೆರಡೂ ಬೇಕು. ಸುತ್ತಲಿನ ತಾಲ್ಲೂಕುಗಳಿಂದ ಬಸ್ಸು, ಟೆಂಪೊಗಳು ಬಂದು ಸೇರುವ ಹೆದ್ದಾರಿಯ ಊರಾದ್ದರಿಂದ ರಾಮನಗರಕ್ಕೆ ಈ ಅನುಕೂಲ ಒದಗಿತು. ಮಾರುಕಟ್ಟೆ ಬೆಳೆದಂತೆ ನೂಲು ಬಿಚ್ಚುವವರು ಅದರ ಸುತ್ತಲೇ ನೆಲೆಸಿದರು. ಹಳ್ಳಿಯ ರೈತರು ಬೆಳೆದ ಗೂಡನ್ನು ಪೇಟೆಯ ರೀಲರ್‌ಗಳು, ಅವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು, ಕೊಂಡು ನೂಲಾಗಿಸುವ ಈ ಪರಸ್ಪರ ಅವಲಂಬನೆಯ ಮೇಲೆ ಊರಿನ ಆರ್ಥಿಕತೆ ನಿಂತಿದೆ.

ಮಾರುಕಟ್ಟೆಯ ಒಳಗೆ ಒಮ್ಮೆ ಹೋಗಿ ನೋಡಬೇಕು. ರೈತರು ಚೀಲ ಬಿಚ್ಚಿ ಗೂಡನ್ನು ಜಾಲರಿಗಳಲ್ಲಿ ಹರಡುತ್ತಾರೆ. ಪ್ರತಿ ರೈತನ ಸರಕಿಗೂ ಒಂದು ಲಾಟ್ ನಂಬರ್. ಮಿಶ್ರತಳಿಯ ಹುಳುವಿನ ಗೂಡು ಹಳದಿ, ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿಯದು ಬಿಳಿ. ರೀಲರ್ ಬಂದು ಕೈತುಂಬ ಗೂಡು ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ಗಟ್ಟಿತನ ನೋಡುತ್ತಾನೆ, ಒಂದೆರಡನ್ನು ಕಿವಿಯ ಬಳಿ ಅಲುಗಾಡಿಸುತ್ತಾನೆ. ಒಳಗಿನ ಕೋಶ ಲೊಟಲೊಟ ಸದ್ದು ಮಾಡಿದರೆ ಗೂಡು ಚೆನ್ನಾಗಿದೆ. ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಅಂಟಿಕೊಂಡಿದೆ, ನೂಲಿಗೆ ಕಲೆ ಬೀಳುತ್ತದೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿದೆ ಎಂದೂ ಕಣ್ಣಳತೆಯಲ್ಲೇ ಲೆಕ್ಕ ಹಾಕುತ್ತಾನೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಅಂದಾಜಿಗೆ ಕಸುಬಿನವರು ‘ರೆಂಡಿಟ’ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಆರರಿಂದ ಎಂಟರ ನಡುವೆ ಇರುತ್ತದೆ. ಹರಾಜಿನಲ್ಲಿ ಕೂಗುವ ಬೆಲೆಯ ಹಿಂದೆ ಈ ಲೆಕ್ಕವಿದೆ. ಹಿಂದೆ ಜಾಲರಿಗಳ ನಡುವೆ ನಿಂತು ಕೂಗಿ ನಡೆಸುತ್ತಿದ್ದ ಬಹಿರಂಗ ಹರಾಜು ಈಗ ಇ-ಹರಾಜಾಗಿದೆ. ರೀಲರ್‌ಗಳು ಮೊಬೈಲಿನಲ್ಲೇ ಬೆಲೆ ನಮೂದಿಸುತ್ತಾರೆ.

ಗೂಡನ್ನು ಎಲ್ಲೆಂದರಲ್ಲಿ ಮಾರುವಂತಿಲ್ಲ ಎಂಬುದೂ ಮಾರುಕಟ್ಟೆ ಬೆಳೆಯಲು ಕಾರಣ. ರೇಷ್ಮೆಹುಳು ಬಿತ್ತನೆ, ಗೂಡು ಮತ್ತು ನೂಲಿನ ವಹಿವಾಟನ್ನು ನಿಯಂತ್ರಿಸುವ 1959ರ ರಾಜ್ಯ ಕಾಯ್ದೆಯು ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಗಳ ಮೂಲಕ ನಡೆಸುವ ವ್ಯವಸ್ಥೆ ತಂದಿತು. ತಲೆದೋರುತ್ತಿದ್ದ ತೂಕದ ಮೋಸ, ದಲ್ಲಾಳಿಗಳ ಹಿಡಿತ ತಪ್ಪಿಸುವುದು ಅದರ ಆಶಯ. ಶಿಡ್ಲಘಟ್ಟದಂತಹ ದೊಡ್ಡ ಮಾರುಕಟ್ಟೆ ಇದ್ದರೂ, ಆಂಧ್ರ, ತಮಿಳುನಾಡಿನ ರೈತರೂ ರಾಮನಗರಕ್ಕೆ ಗೂಡು ತರುತ್ತಾರೆ.

ಊರು, ತಾಲ್ಲೂಕು, ಜಿಲ್ಲೆ

ಸ್ವಾತಂತ್ರ್ಯಾನಂತರ ಕ್ಲೋಸ್‌ಪೇಟೆ ರಾಮನಗರವಾಯಿತು. ವಿಧಾನಸೌಧವನ್ನು ಕಟ್ಟಿಸಿದ, 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ಈ ಭಾಗದ ಲಕ್ಕಪ್ಪನಹಳ್ಳಿಯವರು. ರಾಮನಗರ–ಚನ್ನಪಟ್ಟಣದ ನಡುವೆ ಹೆದ್ದಾರಿಯ ಪಕ್ಕದಲ್ಲೇ ಇರುವ ಕೆಂಗಲ್ ಆಂಜನೇಯ ದೇವಸ್ಥಾನ ಪ್ರಯಾಣಿಕರಿಗೆಲ್ಲ ಪರಿಚಿತ. 1994ರಲ್ಲಿ ಇಲ್ಲಿಂದ ಗೆದ್ದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿ, 1996ರಲ್ಲಿ ಪ್ರಧಾನಿಯಾದರು. ಆಡಳಿತದ ದೃಷ್ಟಿಯಿಂದ ಊರು ಮೊದಲು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಜಿಲ್ಲೆ ಒಡೆದಾಗ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. 2007ರಲ್ಲಿ ರಾಮನಗರವೇ ಜಿಲ್ಲೆಯಾಯಿತು. ಬೆಂಗಳೂರಿನೊಂದಿಗಿನ ಆಡಳಿತದ ನಂಟು ಹೊಸದೇನಲ್ಲ ಎಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಬೈಪಾಸ್ ಎಂದರೆ ಏನಾಗುತ್ತದೆ

ಹಳೆಯ ರಸ್ತೆಗೂ ಹೊಸ ರಸ್ತೆಗೂ ಇರುವ ವ್ಯತ್ಯಾಸವನ್ನು ಮಂಡ್ಯದ ಕಡೆಯವರಿಗೆ ಕಾಲುವೆಯ ಮೂಲಕ ಹೇಳಬಹುದು. ಹಳೆಯ ರಸ್ತೆ ಏರಿಯಿಲ್ಲದ ಹಳ್ಳದಂತೆ. ಪಕ್ಕದ ಯಾವ ಗದ್ದೆಯವರು ಬೇಕಾದರೂ ನೀರು ತಿರುಗಿಸಿಕೊಳ್ಳಬಹುದು. ಹೊಸದು ಎರಡೂ ಬದಿ ಗೋಡೆ ಕಟ್ಟಿದ ನಾಲೆ; ನೀರು ವೇಗವಾಗಿ ಕೊನೆಯ ತನಕ ತಲುಪುತ್ತದೆ, ಆದರೆ ತೂಬು ಇರುವಲ್ಲಿ ಮಾತ್ರ ಹೊರಬರುತ್ತದೆ. ವೇಗ ಬರುವುದೂ ಪಕ್ಕದವರಿಗೆ ಹರಿವು ತಪ್ಪುವುದೂ ಒಂದೇ ಗೋಡೆಯಿಂದ.

ಯಾರಿಗೆ ಎಷ್ಟು ತಪ್ಪುತ್ತದೆ ಎಂಬುದು ಅವರ ವ್ಯಾಪಾರದ ಸ್ವಭಾವವನ್ನು ಅವಲಂಬಿಸಿದೆ. ಗೂಡಿನ ಮಾರುಕಟ್ಟೆಗೆ ಬರುವವರು ರಾಮನಗರಕ್ಕೆಂದೇ ಹೊರಟವರು. ಕೋರ್ಟು, ಜಿಲ್ಲಾಧಿಕಾರಿ ಕಚೇರಿ, ಆಸ್ಪತ್ರೆಗೆ ಬರುವವರೂ ಹಾಗೆಯೇ. ಬೈಪಾಸಿನಿಂದ ಅವರಿಗೆ ನಷ್ಟವಿಲ್ಲ. ದೂರದ ವಾಹನಗಳ ದಟ್ಟಣೆ ತಗ್ಗಿದ್ದರಿಂದ ಪೇಟೆಯಲ್ಲಿ ಓಡಾಟ ಸಲೀಸಾಗಿದೆ. ಆದರೆ ಹಾದುಹೋಗುವವರು ಆಕಸ್ಮಿಕವಾಗಿ ನಿಲ್ಲುವುದರ ಮೇಲೆ ನಿಂತ ವ್ಯಾಪಾರಗಳಿವೆ. ಎಳನೀರಿನವರು, ತಟ್ಟೆ ಇಡ್ಲಿಯ ಹೋಟೆಲುಗಳು, ಮದ್ದೂರು ವಡೆಯ ಅಂಗಡಿಗಳು, ಎಲ್ಲಕ್ಕಿಂತ ಮಿಗಿಲಾಗಿ ಚನ್ನಪಟ್ಟಣದ ಗೊಂಬೆ ಅಂಗಡಿಗಳು. ಹಾಲೆ ಮರದ ತುಂಡನ್ನು ಲೇತಿಗೆ ಕಟ್ಟಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಬಿಸಿಗೆ ಕರಗಿದ ಅರಗನ್ನು ತಾಳೆಗರಿಯಿಂದ ಉಜ್ಜಿ ಹೊಳಪು ತರುವ ಈ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಗೊಂಬೆ ಕೊಳ್ಳಲೆಂದೇ ಮನೆಯಿಂದ ಹೊರಡುವವರು ಕಡಿಮೆ. ಕಾರಿನ ಕಿಟಕಿಯಿಂದ ಬಣ್ಣದ ಕುದುರೆ ಕಂಡ ಮಗು ಹಟ ಹಿಡಿದರೆ ತಂದೆತಾಯಿ ಕಾರು ನಿಲ್ಲಿಸುತ್ತಿದ್ದರು. ಕಾರು ಬೈಪಾಸಿನಲ್ಲಿ ಹೋದರೆ ಆ ಕುದುರೆ ಕಾಣುವುದೇ ಇಲ್ಲ. ಹೊಸ ರಸ್ತೆ ತೆರೆದಂದಿನಿಂದ ಅಂಗಡಿಯವರು ಹೇಳುತ್ತಿರುವ ಸಂಕಟ ಇದೇ. ಅದು ಪೊಳ್ಳು ದೂರಲ್ಲ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಹಳೆಯ ಹೆದ್ದಾರಿಯ ಮಗ್ಗುಲಲ್ಲಿ ಕಟ್ಟಿದ ‘ಜಾನಪದ ಲೋಕ’ ಎಂಬ ವಸ್ತುಸಂಗ್ರಹಾಲಯವನ್ನು ನೋಡಬೇಕಾದರೂ ಈಗ ಮೊದಲೇ ನಿರ್ಧರಿಸಿ, ಸರಿಯಾದ ಕಡೆ ಹೆದ್ದಾರಿಯಿಂದ ಇಳಿಯಬೇಕಾಗುತ್ತದೆ.

ನೀರಿನ ಸಂಗತಿಯೂ ಇದೆ. ಈ ಭಾಗದ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಣಿಯಾಗಿವೆ. ಕೊನೆಗೆ ನೀರು ಅರ್ಕಾವತಿಗೋ ಕಣ್ವಾ ನದಿಗೋ ಸೇರುತ್ತದೆ. ಎತ್ತರದ ಏರಿಯ ಮೇಲೆ ಸಾಗುವ ರಸ್ತೆ ಈ ಹಳ್ಳಗಳನ್ನು ಅಡ್ಡಗಟ್ಟುತ್ತದೆ. ನೀರು ಹೋಗಲು ಮೋರಿ, ಸೇತುವೆಗಳನ್ನು ಬಿಟ್ಟಿರುತ್ತಾರೆ. ಮೋರಿಯ ಅಳತೆಗೆ ಮೀರಿದ ನೀರು ಬಂದಾಗ ಏರಿಯೇ ಅಣೆಕಟ್ಟಿನಂತೆ ನೀರನ್ನು ತಡೆಯುತ್ತದೆ, ತಗ್ಗಿನ ಅಂಡರ್‌ಪಾಸ್‌ಗಳು ತುಂಬುತ್ತವೆ. 2022ರ ಆಗಸ್ಟ್ ಕೊನೆಯ ಮಳೆಯಲ್ಲಿ ಕೆರೆಗಳು ತುಂಬಿ ರಾಮನಗರದ ಬಳಿ ಹೆದ್ದಾರಿ ಜಲಾವೃತವಾಯಿತು. ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಸಂಗಬಸವನದೊಡ್ಡಿ ಬಳಿ ಮತ್ತೆ ನೀರು ನಿಂತಿತು.

ವೇಗಕ್ಕೂ ಬೆಲೆ ತೆರಬೇಕಾಯಿತು. ಮೊದಲ ತಿಂಗಳುಗಳಲ್ಲಿ ಅಪಘಾತಗಳಿಂದ ಸಾವು ಹೆಚ್ಚಿದಾಗ, 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥಗಳಿಂದ ನಿಷೇಧಿಸಲಾಯಿತು. ನಿಧಾನವಾಗಿ ಸಾಗುವ ವಾಹನವನ್ನು ಹಿಂದಿನಿಂದ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವವರು ಗುರುತಿಸಿ ಬ್ರೇಕ್ ಹಾಕುವಷ್ಟರಲ್ಲಿ ಅಂತರ ಮುಗಿದುಹೋಗಿರುತ್ತದೆ ಎಂಬುದು ಈ ನಿಷೇಧದ ಹಿಂದಿನ ತರ್ಕ. ಬೈಕ್, ಆಟೊದಲ್ಲಿ ಹೋಗುವವರಿಗೆ ಸರ್ವಿಸ್ ರಸ್ತೆ ಮತ್ತು ಊರುಗಳೊಳಗಿನ ಹಳೆಯ ರಸ್ತೆ ತೆರೆದೇ ಇದೆ. ಅಲ್ಲಿ ಟೋಲ್ ಇಲ್ಲ.

‘ಬೆಂಗಳೂರು ದಕ್ಷಿಣ’ ಎಂದರೆ ಯಾವುದು

ಕೊನೆಗೆ, ಹೆಸರಿನ ಗೊಂದಲ. ಬದಲಾದದ್ದು ಜಿಲ್ಲೆಯ ಹೆಸರು ಮಾತ್ರ. ರಾಮನಗರ ಎಂಬ ಊರು ರಾಮನಗರವಾಗಿಯೇ ಇದೆ, ಜಿಲ್ಲಾ ಕೇಂದ್ರವೂ ಅದೇ. ಮಾಗಡಿ, ಕನಕಪುರ, ಚನ್ನಪಟ್ಟಣ, ಹಾರೋಹಳ್ಳಿ ಹಿಂದಿನಂತೆಯೇ ಜಿಲ್ಲೆಯ ತಾಲ್ಲೂಕುಗಳು. ಈ ಬದಲಾವಣೆಯಿಂದ ರಾಮನಗರ ಬೆಂಗಳೂರು ಮಹಾನಗರದ ಆಡಳಿತಕ್ಕೆ ಸೇರಿಲ್ಲ. ಅದಕ್ಕೆ ತನ್ನದೇ ನಗರಸಭೆ ಇದೆ.

ತೊಡಕು ಇರುವುದು ಬೇರೆ ಕಡೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ತಾಲ್ಲೂಕು ಮೊದಲಿನಿಂದಲೂ ಇದೆ. ಅದೇ ಹೆಸರಿನ ವಿಧಾನಸಭಾ ಕ್ಷೇತ್ರವಿದೆ. ಜಯನಗರ, ಬಸವನಗುಡಿಗಳನ್ನು ಒಳಗೊಂಡ ‘ಬೆಂಗಳೂರು ದಕ್ಷಿಣ’ ಲೋಕಸಭಾ ಕ್ಷೇತ್ರವೂ ಇದೆ. ರಾಮನಗರ ಇವುಗಳ ಪೈಕಿ ಯಾವುದಕ್ಕೂ ಸೇರಿಲ್ಲ; ಲೋಕಸಭೆಗೆ ಅದು ‘ಬೆಂಗಳೂರು ಗ್ರಾಮಾಂತರ’ ಕ್ಷೇತ್ರದ ಭಾಗ. ಚುನಾವಣಾ ಕ್ಷೇತ್ರಗಳ ಹೆಸರು, ಗಡಿಗಳು ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ನಿರ್ಧಾರವಾಗುತ್ತವೆ. ಜಿಲ್ಲೆಯ ಹೆಸರು ಬದಲಾದ ಮಾತ್ರಕ್ಕೆ ಅವು ಬದಲಾಗುವುದಿಲ್ಲ. ಆದ್ದರಿಂದ ಜಮೀನು, ನಿವೇಶನದ ಕಾಗದಪತ್ರ ನೋಡುವವರು ‘ಬೆಂಗಳೂರು ದಕ್ಷಿಣ’ ಎಂಬುದನ್ನು ಓದಿ ಅಷ್ಟಕ್ಕೇ ನಿಲ್ಲದೆ, ಅದು ಜಿಲ್ಲೆಯೋ ತಾಲ್ಲೂಕೋ ಎಂದು ನೋಡಿ, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರನ್ನು ತಾಳೆ ಹಾಕಿಕೊಳ್ಳಬೇಕು. ಜಿಲ್ಲೆಯ ಕಾಲಂನಲ್ಲಿ ಆ ಹೆಸರಿದ್ದರೆ ಜಾಗ ಬಿಡದಿ, ಮಾಗಡಿ, ಕನಕಪುರದ ಕಡೆಯದು. ತಾಲ್ಲೂಕಿನ ಕಾಲಂನಲ್ಲಿದ್ದರೆ ಅದು ಬೆಂಗಳೂರು ನಗರ ಜಿಲ್ಲೆಯದು.